ನಲವತ್ತು ಮಾರು

ಬಸ್ಸು ಅಂಕೋಲೆ ಬಿಟ್ಟು ಕಾರವಾರದ ದಾರಿ ಹಿಡಿದ ಮೇಲೆ ಪ್ರೇಕ್ಷಾ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಕಂಬಗಳನ್ನು ಎಣಿಸತೊಡಗಿದಳು. ಈ ದಿನ ಏನನ್ನೂ ಎಣಿಸಬಾರದು ಎಂದು ಬೆಳಿಗ್ಗೆ ಏಳುವಾಗಲೇ ಅಂದುಕೊಂಡಿದ್ದಳು. ಆದರೆ ಎಣಿಕೆ ಅವಳದಾಗಿರಲಿಲ್ಲ, ಕಿವಿಯ ಹಿಂದೆ ಯಾರೋ ಶುರುಮಾಡಿ ಅವಳ ನಾಲಗೆಗೆ ಒಪ್ಪಿಸಿ ಹೋದಂತಿತ್ತು. ಕಂಡಕ್ಟರನಿಗೆ ತೋರಿಸಲು ಆಧಾರ್ ಕಾರ್ಡು ತೆಗೆಯಲೆಂದು ಚೀಲದೊಳಗೆ ಕೈಹಾಕಿದಾಗ ಬೂಟಿನ ಕೆಳಗೆ ಒರಟಾದದ್ದೊಂದು ಬೆರಳಿಗೆ ತಾಗಿತು. ನಾರಿನ ಹಗ್ಗ. ಅಜ್ಜನ ಹಗ್ಗ. ಬಾಗಿಲ ಹಿಂದಿನ ಮೊಳೆಯಿಂದ ಅದನ್ನು ನಿನ್ನೆ ಸಂಜೆ ಇಳಿಸಿದ್ದು ಅವಳಿಗೆ ನೆನಪಿತ್ತು, ಕೈಯಲ್ಲಿ ಹಿಡಿದು ನಿಂತದ್ದೂ ನೆನಪಿತ್ತು. ತಿರುಗಿ ಮೊಳೆಗೆ ಹಾಕಿದ್ದೂ ನೆನಪಿತ್ತು. ಚೀಲಕ್ಕೆ ಹಾಕಿಕೊಂಡದ್ದು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಕೈಯನ್ನು ಮೆಲ್ಲಗೆ ಹೊರಗೆಳೆದು ಮೂಸಿದಳು. ಉಪ್ಪಿನ ವಾಸನೆ. ಮೊಳೆಗೆ ನೇತುಬಿದ್ದು ಎರಡು ತಿಂಗಳಾದ ಹಗ್ಗಕ್ಕೆ ಕಡಲ ಹಸಿ ಎಲ್ಲಿಂದ ಬರಬೇಕು?

ಮುಂದಿನ ಸೀಟಿನಲ್ಲಿ ಶಾಂತಾರಾಮ ಮಾಸ್ತರರು ಕಂಡಕ್ಟರನಿಗೆ ಅವಳ ಕತೆ ಹೇಳುತ್ತಿದ್ದರು. ಅವರು ಯಾವ ಶಾಲೆಗೂ ಮಾಸ್ತರರಲ್ಲ. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ, ಕೊನೆಗೆ ಕದ್ರಾದ ಕೇಂದ್ರದಲ್ಲಿ ಕೆಲಸ ಮಾಡಿ, ಇಲಾಖೆಯ ಕ್ರೀಡಾಕೂಟಗಳಲ್ಲಿ ಓಡಿ, ನಿವೃತ್ತಿಯಾದ ಮೇಲೆ ಅವಳ ಊರಲ್ಲಿ ಮನೆ ಕಟ್ಟಿ, ಬೆಳಗಾಗುತ್ತಲೇ ಊರ ಮಕ್ಕಳನ್ನು ಕಡಲ ದಂಡೆಯಲ್ಲಿ ಓಡಿಸುವುದಕ್ಕೆ ನಿಂತವರು. "ಎಂಟುನೂರು ಮೀಟರು, ಎರಡು ನಿಮಿಷ ಹದಿನಾರು ಸೆಕೆಂಡು," ಎಂದರು. "ಅದೂ ಕಡಲ ದಂಡೆ ಹೊಯ್ಗೆ ಮೇಲೆ. ಇಂದು ಕಾರವಾರದಾಗೆ ಟ್ರಯಲ್. ದೊಡ್ಡ ಕಾಲೇಜು, ಸೀಟು ಫ್ರೀ, ಹಾಸ್ಟೆಲ್ ಫ್ರೀ, ಊಟ ಫ್ರೀ."

"ನಮ್ಮ ಬಸ್ಸಿಗಿಂತ ಜೋರಾಯ್ತಲ್ರೀ ಮತ್ತೆ," ಎಂದ ಕಂಡಕ್ಟರ್. "ಇದ್ಯಾಕೆ ಬಸ್ಸು ಹತ್ತಿ ಕೂತದೆ? ಓಡ್ಕಂಡೇ ಹೋಗ್ಲಕ್ಕಿತ್ತು."

ಸುತ್ತ ಕೂತವರು ನಕ್ಕರು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ತಿರುಗಿ ಅವಳ ಕಾಲುಗಳನ್ನೇ ನೋಡಿದಳು, ಅಂಗಡಿಯಲ್ಲಿ ವಸ್ತು ನೋಡಿದ ಹಾಗೆ. ಎರಡು ಹದಿನಾರು. ಈಚೆಗೆ ಅವಳಿಗೆ ಅದೇ ಹೆಸರಾಗಿತ್ತು. ಹಾಲು ತರಲು ಹೋದರೆ, ಕಾಲೇಜಿಗೆ ಹೋದರೆ, ಎಲ್ಲರ ಬಾಯಲ್ಲಿ ಎರಡು ಹದಿನಾರು. ಬೇರೆ ಯಾರದೋ ಅಂಗಿ ತೊಟ್ಟು ಊರು ತಿರುಗಿದಂತೆ, ಅಂಗಿಯ ಒಡೆಯ ಎಲ್ಲಿಂದಲೋ ನೋಡುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಬೆಳಿಗ್ಗೆ ಅವ್ವ ಸೋಮಿ ಅವಲಕ್ಕಿಯ ಡಬ್ಬಿ ಕೊಡುವಾಗಲೂ ಹಾಗೇ ಅನಿಸಿತ್ತು. ಅವ್ವನಿಗೆ ಇಂದು ಗದ್ದೆ ಕೆಲಸದ ಕೂಲಿ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು, "ಗೆದ್ಕಂಡು ಬಾ ಅಂತ ನಾ ಹೇಳೂದಿಲ್ಲ. ಬಿದ್ಕಂಡು ಬರಬೇಡ, ಅಷ್ಟೇಯಾ," ಎಂದಿದ್ದಳು. ಆಮೇಲೆ, ಅವಳು ಅಂಗಳ ದಾಟಿದ ಮೇಲೆ, "ಈ ಸೀಟು ಸಿಕ್ರೆ ನೀ ನನ್ನ ಹಾಂಗೆ ಬಗ್ಗೂದು ಬೇಡ," ಎಂದು ಯಾರಿಗೋ ಹೇಳುವಂತೆ ಹೇಳಿದ್ದಳು.

ಕಾಲೇಜಿನ ಅರ್ಜಿ ಮೊಬೈಲಿನಲ್ಲಿ ಬಂದಿತ್ತು. ಪಿಯುಸಿ ಎರಡನೇ ವರ್ಷದವರು ಕ್ರೀಡಾ ಕೋಟಾಕ್ಕೆ ಹೀಗೆ ಬರೆಯಬೇಕು, ಹೀಗೆ ವಿಡಿಯೋ ಕಳಿಸಬೇಕು ಎಂದು ತಿಳಿಯುವುದಕ್ಕೇ ಅವರಿಗೆ ಒಂದು ವಾರ ಹಿಡಿದಿತ್ತು. ತಾಲೂಕು ಕೂಟದಲ್ಲಿ ಅವಳು ಮೊದಲು ಬಂದಿದ್ದಳು, ಆದರೆ ಅಲ್ಲಿ ಸಮಯ ಬರೆದುಕೊಂಡವರಿಲ್ಲ. ಜಿಲ್ಲಾ ಕೂಟದ ದಿನ ಜ್ವರ ಬಂದು ಮಲಗಿದ್ದಳು. ಹಾಗಾಗಿ ಹೇಳಿಕೊಳ್ಳಲು ಉಳಿದದ್ದು ದಂಡೆಯ ಮೇಲೆ ಮಾಸ್ತರರ ಗಡಿಯಾರ ಹಿಡಿದ ಸಮಯ ಒಂದೇ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ದೂರವನ್ನು ಸರಿಯಾಗಿ ಅಳೆಯಲಾಗಿದೆಯೇ? ಹೌದು, ಇಲ್ಲ. ಮಾಸ್ತರರು ಕನ್ನಡಕ ಮರೆತು ಬಂದಿದ್ದರು. "ನೀನೇ ಒತ್ತು ಗೊ," ಎಂದರು. ಅವಳು ಹೌದು ಎಂಬುದರ ಮೇಲೆ ಬೆರಳಿಟ್ಟಳು. ಪರದೆ ತಣ್ಣಗಿತ್ತು. ಆ ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಿತ್ತು.

ಗೊತ್ತಾದದ್ದು ಅಜ್ಜ ತೀರಿಕೊಂಡ ಹನ್ನೆರಡನೆಯ ದಿನ. ಅಜ್ಜ ಬೊಮ್ಮು ನಾರಿನ ಹಗ್ಗ ಹೊಸೆಯುವವನು. ಊರಿನ ಬಾವಿಗಳಿಗೆಲ್ಲ ಅವನ ಹಗ್ಗ, ಅವನ ಮಾರು. ಎರಡೂ ಕೈ ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಅವನದು ಸರಿಯಾಗಿ ಆರು ಅಡಿ ಎಂದು ಮಾಸ್ತರರು ಎಷ್ಟೋ ವರ್ಷದ ಹಿಂದೆ ಕದ್ರಾದ ಸ್ಟೀಲ್ ಟೇಪು ಹಿಡಿದು ನೋಡಿ ಬೆರಗಾಗಿದ್ದರಂತೆ. ಆಮೇಲೆ ಅಜ್ಜನ ಎಡಗೈ ಮುರಿಯಿತು. ಮುರಿದದ್ದು ಅವಳಿಂದ. ನಾಲ್ಕು ವರ್ಷದವಳು ಕಡಲಿನ ಕಲ್ಲುಗಳ ಮೇಲೆ ಓಡಿದ್ದಳು, ಸುಮ್ಮನೆ, ಕಾಲಿದೆ ಎಂಬ ಖುಷಿಗೆ, ಅವನು ಹಿಂದೆ ಓಡಿ ಬಂದು ಬಿದ್ದಿದ್ದ. ಮೂಳೆ ಕೂಡಿತು, ಮೊಣಕೈ ಮಾತ್ರ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಅವನು ಅದೇ ಕೈಯಲ್ಲಿ ಹಗ್ಗ ಅಳೆದ, ಅದನ್ನೇ ಮಾರು ಎಂದ, ಊರೂ ಅದನ್ನೇ ಮಾರು ಎಂದಿತು. ಬೇಸಿಗೆಯಲ್ಲಿ ಕೊಡಪಾನ ನೀರಿಗೆ ಮುಟ್ಟದೆ ಬಾವಿಯ ಕತ್ತಲಲ್ಲಿ ತೂಗಾಡಿದರೆ, ಈ ವರ್ಷ ನೀರು ಬೇಗ ಇಳಿಯಿತು ಎಂದರು. ಸಣ್ಣವಳಿದ್ದಾಗ ಅವಳು ಬಾವಿಗೆ ಬಗ್ಗಿ ಅದನ್ನು ನೋಡಿದ್ದಾಳೆ. ಕೆಳಗೆ ನೀರು, ಮೇಲೆ ಕೊಡಪಾನ, ನಡುವೆ ಒಂದಿಷ್ಟು ಏನೂ ಇಲ್ಲದ ಜಾಗ. ಆ ಜಾಗದಲ್ಲಿ ಯಾರೋ ಇದ್ದಾರೆ ಎಂದು ಅಂದು ಅವಳಿಗೆ ಅನಿಸಿತ್ತು.

ದಂಡೆಯಲ್ಲಿ ಅವಳ ಓಟಕ್ಕೆ ದೂರ ಅಳೆದದ್ದು ಕಳೆದ ದೀಪಾವಳಿ ರಜೆಯಲ್ಲಿ. ಕಾಲೇಜಿನ ಟೇಪು ಕಾಲೇಜಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು. "ಟೇಪು ಎಂತಕ್ಕೆ, ಬೊಮ್ಮು ಇಲ್ವೋ?" ಎಂದರು ಮಾಸ್ತರರು. ಅಜ್ಜನಿಗೆ ಅಂದು ಆದ ಹೆಮ್ಮೆ. ಹತ್ತು ಮಾರಿನ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದ. ಒಂದೊಂದು ಗಂಟಿಗೂ ಬಲಗೈ ನೇರ ಹೋಗುತ್ತಿತ್ತು, ಎಡಗೈ ಹಕ್ಕಿಯ ರೆಕ್ಕೆಯ ಹಾಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳು ಹಗ್ಗದ ತುದಿ ಹಿಡಿದು ಎದುರಿಗೇ ಕೂತಿದ್ದಳು. ನೋಡಿದಳು. ಅಜ್ಜನೂ ಅವಳು ನೋಡಿದ್ದನ್ನು ನೋಡಿದ. ಆಮೇಲೆ ಗಾಳಿಮರದ ಬುಡದಿಂದ ಒದ್ದೆ ಹೊಯ್ಗೆಯ ಮೇಲೆ ಹಗ್ಗ ಎಳೆಯುತ್ತಾ ಹೋದರು. ಸರ್ ಎಂದು ಹಗ್ಗ ಹರಿಯುವ ಸದ್ದು, ಅಜ್ಜನ ಎಣಿಕೆ. ನಾನೂರು ಮೀಟರಿಗೆ ಇನ್ನೂರ ಹತ್ತೊಂಬತ್ತು ಮಾರು ಎಂದು ಮಾಸ್ತರರು ಲೆಕ್ಕ ಹಾಕಿ ಕೊಟ್ಟಿದ್ದರು. ಅಲ್ಲಿವರೆಗೆ ಹೋಗಿ ತಿರುಗಿ ಬಂದರೆ ಎಂಟುನೂರು. ಇನ್ನೂರ ಹತ್ತೊಂಬತ್ತಕ್ಕೆ ಅಜ್ಜ ನಿಂತ. ತಿರುಗುವ ಗುರುತಿಗೆ ಕಂಬ ಹುಗಿಯುವ ಮೊದಲು ಮುಂದಿನ ಖಾಲಿ ದಂಡೆಯನ್ನು ಒಂದು ಗಳಿಗೆ ನೋಡಿದ. "ಸಾಕನೇ ಮಗಾ?" ಎಂದು ಕೇಳಿದ.

"ಸಾಕು ಅಜ್ಜ," ಎಂದಿದ್ದಳು ಅವಳು.

ಎಷ್ಟು ಸಲ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ್ದಾಳೋ. ಅವನಿಗೆ ಬೇಜಾರಾಗಬಾರದೆಂದು ಹೇಳಿದ್ದೋ, ತನಗೆ ಓಟ ಕಡಿಮೆಯಾಗಲೆಂದು ಹೇಳಿದ್ದೋ, ಈಗ ಬಿಡಿಸಿ ನೋಡಿದರೆ ಎರಡೂ ಒಂದೇ ನಾರಿನಲ್ಲಿ ಹೊಸೆದುಕೊಂಡಿವೆ. ಶಿವರಾತ್ರಿ ಕಳೆದು ವಾರಕ್ಕೆ ಅಜ್ಜ ಹೋದ. ಹನ್ನೆರಡನೆಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅವಳು ಅತ್ತೆಯ ಹೊಲಿಗೆ ಯಂತ್ರದ ಮೇಲಿದ್ದ ದರ್ಜಿ ಟೇಪು ಎತ್ತಿಕೊಂಡು ಒಳಕೋಣೆಯಲ್ಲಿ ಹಗ್ಗ ಹಾಸಿದಳು. ಟೇಪು ಐದು ಅಡಿಗೆ ಮುಗಿಯಿತು. ಅಲ್ಲಿಂದ ಮುಂದಿನ ಗಂಟಿಗೆ ಹನ್ನೆರಡು ಇಂಚು ಬರಬೇಕಿತ್ತು, ಬಂದದ್ದು ಆರು. ಹತ್ತೂ ಗಂಟು ನೋಡಿದಳು, ಹತ್ತಕ್ಕೂ ಆರೇ. ಅಷ್ಟು ಸರಿಯಾಗಿ ತಪ್ಪು ಮಾಡುವುದು ಅಜ್ಜನಿಗೆ ಮಾತ್ರ ಬರುತ್ತಿತ್ತು. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಮಾಡಿದಾಗ ಅವಳ ಎಂಟುನೂರಕ್ಕೆ ಅರವತ್ತಾರು ಮೀಟರು ಕಡಿಮೆ ಬಿತ್ತು. ಅಜ್ಜನ ಕೈಯಲ್ಲೇ ಹೇಳುವುದಾದರೆ, ಹೋಗುವಾಗ ಇಪ್ಪತ್ತು ಮಾರು, ಬರುವಾಗ ಇಪ್ಪತ್ತು. ನಲವತ್ತು ಮಾರು ಅವಳು ಓಡಿರಲೇ ಇಲ್ಲ.

ಹೇಳಬೇಕೆಂದು ಮೂರು ಸಲ ಮಾಸ್ತರರ ಮನೆಯ ತನಕ ಹೋಗಿದ್ದಳು. ಒಮ್ಮೆ ಅವರು ಹಲಸಿನ ಹಪ್ಪಳ ಕೊಟ್ಟು ಕಳಿಸಿದರು. ಒಮ್ಮೆ ಅವರ ಮಗಳು ಫೋನಿನಲ್ಲಿದ್ದಳು. ಮೂರನೆಯ ಸಲ ಬಾಯಿ ತೆರೆದಿದ್ದಳು, "ಮಾಸ್ತರೇ, ಅಜ್ಜಂದು ಕೈ..." ಎನ್ನುತ್ತಲೇ ಅವರ ಕಣ್ಣು ತುಂಬಿಬಿಟ್ಟಿತು. "ಅಂಥ ಕೈ ಇನ್ನು ಈ ಊರಿಗಿಲ್ಲ ಗೊ," ಎಂದರು. ಅವಳು ತಿರುಗಿ ಮನೆಗೆ ಬಂದಳು.

ವಿಡಿಯೋ ಮಾಡಿದವಳು ವಿದ್ಯಾ, ಅವಳ ತರಗತಿಯವಳು. ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಕಂಬದ ಹತ್ತಿರ ನಿಂತು, ಅವಳು ಓಡಿ ಬಂದು ಕಂಬ ಸುತ್ತಿ ತಿರುಗುವುದನ್ನು ಹಿಡಿದಿದ್ದಳು. ಮನೆಗೆ ಬಂದು ನೋಡಿದರೆ, ತಾನು ಕಂಬಕ್ಕೆ ಕೈಯಾನಿಸಿ ತಿರುಗುವ ಆ ಕ್ಷಣದಲ್ಲಿ, ಕಂಬದ ಆಚೆ, ದಂಡೆ ಮಸುಕಾಗುವ ಕಡೆ, ಯಾರೋ ನಿಂತಿದ್ದರು. ಬಲಗೈ ಪೂರ್ತಿ ಚಾಚಿತ್ತು. ಎಡಗೈ ಅರ್ಧಕ್ಕೇ ನಿಂತಿತ್ತು. ಮುಖ ಇರಲಿಲ್ಲ, ಅಷ್ಟು ದೂರಕ್ಕೆ ಮುಖ ಬರುವಂತೆಯೂ ಇರಲಿಲ್ಲ. "ಬಲೆ ಒಣಗಿಸೂ ಗೂಟ ಅದು, ಮಾರಾಯ್ತಿ," ಎಂದಳು ವಿದ್ಯಾ. "ನಿನ್ನ ತಲೆ ಸಮಾ ಇಲ್ಲ. ರಾತ್ರಿ ಓದಿ ಓದಿ ಹಿಂಗಾಗದೆ." ಮರುದಿನ ಅವಳು ಹೋಗಿ ನೋಡಿದಳು. ಗೂಟ ಇರಲಿಲ್ಲ. ಮೊದಲು ಇದ್ದ ಗುರುತೂ ಇರಲಿಲ್ಲ. ಹೊಯ್ಗೆಯಲ್ಲಿ ಅರ್ಧ ಹೂತ ಹಳೇ ದೋಣಿಯ ಹಲಗೆಯೊಂದಿತ್ತು. ವಿಡಿಯೋದಲ್ಲಿ ಆ ಮನುಷ್ಯ ಅದರ ಪಕ್ಕದಲ್ಲೇ ನಿಂತಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಕಂಬ ಸುತ್ತಿ ಬೆನ್ನು ಹಾಕಿದ ಕೂಡಲೇ ಹಿಂದಿನಿಂದ ಹಗ್ಗ ಹರಿಯುವ ಸದ್ದು. ಅದು ಅವಳನ್ನು ಹಿಂಬಾಲಿಸುತ್ತಿರಲಿಲ್ಲ. ಅದು ಆ ಕಡೆಗೆ, ಅವಳು ಹೋಗದ ಕಡೆಗೆ ಹೋಗುತ್ತಿತ್ತು. ಹೆದರಿಕೆಯಾದದ್ದು ಅದಕ್ಕೆ. ಹೆದರಿದಷ್ಟೂ ಅವಳು ಜೋರಾಗಿ ಓಡಿದಳು, ಮಾಸ್ತರರು ಗಡಿಯಾರ ನೋಡಿ ನಗುತ್ತಾ ಕೂತರು.

ಕಾರವಾರದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಒಂಬತ್ತು ಜನ ಹುಡುಗಿಯರು. ಕಾಲೇಜಿನ ತರಬೇತುದಾರರು ನೀತಾ ಮೇಡಂ, ತೆಳ್ಳನೆಯ ಹೆಂಗಸು, ಬಿಳಿ ಟೊಪ್ಪಿ, ಕೊರಳಲ್ಲಿ ಎರಡು ಗಡಿಯಾರ. ಅವರು ನಗುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ತಾವೇ ಟೇಪಿನ ತುದಿ ಹಿಡಿದು ಗೆರೆಯನ್ನು ಇನ್ನೊಮ್ಮೆ ಅಳೆದು, ಒಂದು ಕಡೆ ಅಂಗೈಯಗಲ ಹೆಚ್ಚಾಗಿದ್ದನ್ನು ಅಳಿಸಿ ಹಾಕಿಸಿದರು. ಪ್ರೇಕ್ಷಾ ಕೂತು ಬೂಟು ಹಾಕಿಕೊಂಡಳು. ಬೂಟು ವಿದ್ಯಾಳ ಅಕ್ಕನದು, ತುದಿಗೆ ಹತ್ತಿ ತುರುಕಿದ್ದಳು. ಪಕ್ಕದಲ್ಲಿ ಲೇಸು ಕಟ್ಟಿಕೊಳ್ಳುತ್ತಿದ್ದ ಮಾಜಾಳಿಯ ಹುಡುಗಿ ಅದನ್ನು ನೋಡಿ, "ಹತ್ತಿ ಹೊರಗೆ ಬಂದದೆ ನೋಡು. ಗಾಯ ಆಗದ್ಯೋ, ಬೂಟಿಗೆ?" ಎಂದಳು. ಉಳಿದವರು ನಕ್ಕರು. ಅವಳೂ ನಕ್ಕು, ಹತ್ತಿಯನ್ನು ಬೆರಳಿನಿಂದ ಒಳಗೆ ಒತ್ತಿಕೊಂಡಳು.

ಮೇಡಂ ಕಾಗದ ನೋಡಿ, "ಪ್ರೇಕ್ಷಾ ಗೌಡ. ಎರಡು ಹದಿನಾರು. ಈ ಪಟ್ಟಿಯಲ್ಲಿ ನಿನ್ನದೇ ಒಳ್ಳೆಯ ಟೈಮಿಂಗು," ಎಂದರು. "ಬೀಚಿನಲ್ಲಿ ಅಳತೆ ಹೇಗೆ ಮಾಡಿದಿರಿ?"

"ಇದರ ಅಜ್ಜನೇ ಅಳೆದದ್ದು, ಮೇಡಂ," ಎಂದರು ಶಾಂತಾರಾಮ ಮಾಸ್ತರರು. "ಬೊಮ್ಮುನ ಮಾರು ಅಂದ್ರೆ ನಮ್ಮ ಬದಿಗೆ ಸ್ಟೀಲ್ ಟೇಪು ಇದ್ದ ಹಾಂಗೆ."

ಮೇಡಂ ಅವರನ್ನು ನೋಡಲಿಲ್ಲ, ಅವಳನ್ನು ನೋಡಿದರು. "ಹೌದಾ?"

ಮತ್ತೆ ಅದೇ ಪ್ರಶ್ನೆ, ಬೇರೆ ಬಾಯಿಯಿಂದ. ಸಾಕನೇ ಮಗಾ? ಅವಳು ತಲೆ ಆಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಮೇಡಂ ಹೌದೆಂದು ಓದಿಕೊಂಡು ಅವಳನ್ನು ಒಳಗಿನ ಗೆರೆಗೆ ನಿಲ್ಲಿಸಿದರು.

ಸೀಟಿಯ ನಂತರದ ಮೊದಲ ಸುತ್ತು ಅವಳಿಗೆ ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ಬಾಯಲ್ಲಿ ಕೆಂಪು ಧೂಳಿನ ರುಚಿ, ಮುಂದಿದ್ದ ಇಬ್ಬರ ಬೆನ್ನು, ಕಡಲು ಹತ್ತಿರವೇ ಇದ್ದರೂ ಕೇಳಿಸದಿರುವುದು. ಎರಡನೆಯ ಸುತ್ತಿನಲ್ಲಿ ಒಬ್ಬಳನ್ನು ದಾಟಿದಳು. ಕೊನೆಯ ತಿರುವು ಮುಗಿಯಿತು. ಅಲ್ಲಿ, ಗೆರೆ ನೇರವಾಗುವ ಕಡೆ, ಕಾಲುಗಳು ನಿಂತುಹೋದವು. ಆಯಾಸವಾಗಿ ಅಲ್ಲ, ಮುಗಿಯಿತು ಎಂದು ನಿಂತವು. ಆರು ತಿಂಗಳು ದಿನಾ ಬೆಳಿಗ್ಗೆ ಇಲ್ಲಿಗೇ ಮುಗಿದಿತ್ತು. ದೇಹ ಇದನ್ನೇ ಎಂಟುನೂರು ಎಂದು ಕಲಿತಿತ್ತು. ಅವಳ ಕೈ ತಾನಾಗಿ ಮೇಲೆದ್ದು ಗಾಳಿಮರವನ್ನು ಮುಟ್ಟಲು ಹೋಯಿತು. ಮರ ಇರಲಿಲ್ಲ. ಮಾಜಾಳಿಯ ಹುಡುಗಿ ದಾಟಿ ಹೋದಳು, ಅವಳ ಹಿಂದೆ ಇನ್ನಿಬ್ಬರು. ಮಾಸ್ತರರು ದೂರದಲ್ಲಿ ಎದ್ದು ನಿಂತು ಏನೋ ಕೂಗುತ್ತಿದ್ದರು, ಬಾಯಿ ಮಾತ್ರ ಕಾಣುತ್ತಿತ್ತು. ಆಗ ಸರ್ ಎಂಬ ಸದ್ದು. ಧೂಳಿನ ಮೇಲೆ ಒದ್ದೆ ಹಗ್ಗ ಹರಿದು ಹೋಗುವ ಸದ್ದು, ಅವಳ ಪಕ್ಕದಿಂದ ಮುಂದಕ್ಕೆ. ಒಂದು, ಎಂದಿತು ಕಿವಿಯ ಹಿಂದಿನ ದನಿ. ಎಲೆಅಡಿಕೆ ತುಂಬಿದ ಬಾಯಿಯ, ಅವಸರವಿಲ್ಲದ ದನಿ. ಎರಡು. ಅಜ್ಜ ಅಂದು ಇನ್ನೂರ ಹತ್ತೊಂಬತ್ತಕ್ಕೆ ಬಿಟ್ಟದ್ದನ್ನು ಈಗ ಮುಂದುವರಿಸುತ್ತಿದ್ದ. ಒಂದೊಂದು ಮಾರಿಗೂ ಒಂದೊಂದು ಹೆಜ್ಜೆ, ಹೆಜ್ಜೆ ಸಾಲದಾದಾಗ ಇನ್ನೊಂದು. ಅವಳು ಓಡಿದಳು ಎನ್ನುವುದಕ್ಕಿಂತ ಎಣಿಕೆಯ ತುದಿ ಹಿಡಿದು ಎಳೆಸಿಕೊಂಡು ಹೋದಳು. ಇಪ್ಪತ್ತು ಎನ್ನುವಾಗ ಒಬ್ಬಳು ಹಿಂದೆ ಬಿದ್ದಳು. ನಲವತ್ತು ಎನ್ನುವಾಗ ಸುಣ್ಣದ ಗೆರೆ ಕಾಲ ಕೆಳಗಿತ್ತು.

ನಾಲ್ಕನೆಯವಳು. ಎರಡು ಇಪ್ಪತ್ತೇಳು.

ಮೇಡಂ ಕಾಗದದ ಮೇಲಿನ ಹದಿನಾರನ್ನೂ ಗಡಿಯಾರದ ಇಪ್ಪತ್ತೇಳನ್ನೂ ನೋಡಿದರು. ಅವರು ಕೇಳುವ ಮೊದಲೇ ಪ್ರೇಕ್ಷಾ ಚೀಲದಿಂದ ಹಗ್ಗ ತೆಗೆದು ಅವರ ಮುಂದೆ ಹಿಡಿದಳು. "ಇದು ಗಿಡ್ಡ ಅದೆ, ಮೇಡಂ. ಮಾರಿಗೆ ಆರು ಇಂಚು. ಅರ್ಜಿ ತುಂಬೂವಾಗ ನಂಗೆ ಗೊತ್ತಿತ್ತು. ಮಾಸ್ತರಿಗೆ ಗೊತ್ತಿರಲಿಲ್ಲ." ಇಷ್ಟು ಮಾತನ್ನು ಅವಳು ಅಪರಿಚಿತರ ಮುಂದೆ ಒಟ್ಟಿಗೆ ಎಂದೂ ಆಡಿರಲಿಲ್ಲ.

ಮೇಡಂ ಹಗ್ಗ ಮುಟ್ಟಲಿಲ್ಲ. "ಮೊದಲೇ ಹೇಳಿದ್ದರೂ ನಾನು ಓಡಿಸುತ್ತಿದ್ದೆ," ಎಂದರು. "ಎರಡು ಇಪ್ಪತ್ತೇಳಕ್ಕೆ ಈ ವರ್ಷ ನನ್ನ ಹತ್ತಿರ ಸೀಟಿಲ್ಲ. ಸೀಟು ಮೊದಲು ಬಂದ ಮಾಜಾಳಿಯ ಹುಡುಗಿಗೆ." ಹದಿನಾರನ್ನು ಹೊಡೆದು ಹಾಕಿ ಇಪ್ಪತ್ತೇಳು ಬರೆದರು. ಪೆನ್ನು ಮುಚ್ಚಿ ಮತ್ತೆ ತೆರೆದರು. "ನೀನು ಅಲ್ಲಿ ನಿಂತೇಬಿಟ್ಟೆ. ನಿಂತವರು ಯಾರೂ ಮತ್ತೆ ಹಾಗೆ ಓಡುವುದನ್ನು ನಾನು ನೋಡಿಲ್ಲ. ಜೂನಿನಲ್ಲಿ ಒಬ್ಬರೋ ಇಬ್ಬರೋ ಬಿಟ್ಟುಹೋಗುತ್ತಾರೆ. ಸರಿಯಾದ ಅಳತೆಯಲ್ಲಿ ಎರಡು ಇಪ್ಪತ್ತೆರಡು ಬಂದರೆ ಫೋನು ಮಾಡು. ಬರದಿದ್ದರೆ ಮಾಡಬೇಡ."

ತಿರುಗಿ ಬರುವ ಬಸ್ಸಿನಲ್ಲಿ ಮಾಸ್ತರರು ಯಾರಿಗೂ ಏನೂ ಹೇಳಲಿಲ್ಲ. ಅಂಕೋಲೆಯಲ್ಲಿ ಇಳಿದ ಮೇಲೆ ಕ್ಯಾಂಟೀನಿನ ಮುಂದೆ ನಿಂತು ಅವಳಿಗೆ ಸೋಡಾ ಕೊಡಿಸಿ, ತಾವು ಕುಡಿಯದೆ, "ನಮ್ಮ ಬಾವಿ ಹಗ್ಗ ನೀರಿಗೆ ಮುಟ್ಟೂದಿಲ್ಲ ಅಂತ ನಾನೂ ತುಂಡು ಕಟ್ಟಿದ್ದೆ ಗೊ," ಎಂದರು. "ಎಷ್ಟೋ ವರ್ಷ ಆಯ್ತು. ಊರಾಗೆ ಎಲ್ಲರೂ ಕಟ್ಕಂಡಿದ್ರು. ಅಂವನ ಎದುರಿಗೆ ಹೆಂಗೆ ಹೇಳೂದು? ಕಂಬ ಹುಗಿದ ದಿನ ನಾಳೆ ಬಂದು ಸರಿ ಮಾಡುವ ಅಂದ್ಕಂಡೆ. ಆ ನಾಳೆ ನೀನು ಚಂದ ಓಡ್ದೆ. ನಂಗೆ ಆ ಟೈಮು ಬಿಡೂಕೆ ಮನಸ್ಸು ಬರಲಿಲ್ಲ."

ಅವಳು ಸೋಡಾದ ಗುಳ್ಳೆಗಳನ್ನು ನೋಡುತ್ತಾ ನಿಂತಳು. ಸಿಟ್ಟು ಬರಬೇಕಿತ್ತು. ಬದಲಿಗೆ, ಊರಿನ ಎಲ್ಲ ಬಾವಿಗಳಲ್ಲಿ ಹಗ್ಗದ ತುದಿಗೆ ಕಟ್ಟಿದ ತುಂಡುಗಳು, ಒಂದೊಂದೂ ಒಂದೊಂದು ಬಣ್ಣದವು, ಕತ್ತಲಲ್ಲಿ ಇಳಿಯುವುದು ಅವಳಿಗೆ ಕಂಡಿತು. ಅಜ್ಜನೂ ಬಾವಿಗಳಿಂದ ನೀರು ಸೇದಿದವನೇ. ಅವನಿಗೆ ಆ ತುಂಡುಗಳು ಕಾಣದೆ ಇದ್ದವೇ? "ಈಗಲೇ ಹೋಗುವ, ಮಾಸ್ತರೇ," ಎಂದಳು. "ಬೆಳಕು ಅದೆ ಇನ್ನೂ."

ಪೇಟೆಯಲ್ಲಿ ಪರಿಚಯದ ಗುತ್ತಿಗೆದಾರನಿಂದ ಐವತ್ತು ಮೀಟರಿನ ಟೇಪು ಸಿಕ್ಕಿತು. ದಂಡೆಗೆ ಬಂದಾಗ ಸೂರ್ಯ ಕಡಲಿನಿಂದ ಎರಡು ಆಳು ಮೇಲಿದ್ದ. ಗಾಳಿಮರದ ಬುಡದಿಂದ ಶುರುಮಾಡಿದರು. ಮಾಸ್ತರರು ಹಿಂದಿನ ತುದಿ, ಅವಳು ಮುಂದಿನದು. ಅವಳು ಬೆರಳಿನಿಂದ ಗೀರು ಎಳೆದಲ್ಲಿಗೆ ಅವರು ಬಂದು ನಿಲ್ಲುವುದು. ಏಳು ಸಲ. ಏಳನೆಯ ಗೀರು ಹಳೆಯ ಕಂಬಕ್ಕಿಂತ ಹದಿನೇಳು ಹೆಜ್ಜೆ ಹಿಂದೆ ಬಿತ್ತು. ಎಂಟನೆಯ ಸಲ ಅವಳು ಟೇಪು ಬಿಚ್ಚುತ್ತಾ ಕಂಬವನ್ನು ದಾಟಿದಳು. ಇಷ್ಟು ದಿನ ಬೆನ್ನು ತಿರುಗಿಸಿದ್ದ ಆ ಹೊಯ್ಗೆಯ ಮೇಲೆ ಕಾಲಿಟ್ಟಾಗ ಅದು ಬೇರೆಯವರ ಅಂಗಳದಂತೆ ಇತ್ತು. ಮುಂದೆ ನಡೆದಳು. ಟೇಪು ಮುಗಿಯುವಾಗ ಅವಳ ಎಡಗಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ಅರ್ಧ ಹೂತ ದೋಣಿಯ ಹಲಗೆ.

ನಾನೂರು ಮೀಟರು ಇಲ್ಲಿಗೆ. ವಿಡಿಯೋದಲ್ಲಿ ಅವನು ನಿಂತದ್ದು ಇಲ್ಲಿಯೇ.

ಅವಳು ಹಲಗೆಯ ಪಕ್ಕದಲ್ಲಿ ನಿಂತು ಟೇಪಿನ ತುದಿಯನ್ನು ಬಲಗೈಯಲ್ಲಿ ಹಿಡಿದಳು. "ಎಳೀರಿ ಮಾಸ್ತರೇ," ಎಂದು ಕೂಗಿದಳು. ಟೇಪು ನೆಲದಿಂದೆದ್ದು ಒಮ್ಮೆ ನಡುಗಿ ಬಿಗಿಯಾಯಿತು. ಹದವಾದ ಎಳೆತ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಹಗ್ಗ ಅಳೆದು ಪಳಗಿದ ಕೈಯ ಎಳೆತ. ಅವಳು ಹಿಮ್ಮಡಿಯಿಂದ ಗುಳಿ ತೋಡಿ ಗುರುತು ಮಾಡಿದಳು. ಆಮೇಲೆ ತಲೆಯೆತ್ತಿ ನೋಡಿದಳು. ಐವತ್ತು ಮೀಟರಿನಾಚೆ, ಕೆಂಪು ಬೆಳಕಿನಲ್ಲಿ, ಶಾಂತಾರಾಮ ಮಾಸ್ತರರು ನಿಂತಿದ್ದರು. ಕನ್ನಡಕ ತೆಗೆದು ಎರಡೂ ಕೈಯಿಂದ ಅಂಗಿಯ ಚುಂಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. "ತಡಿ ಗೊ, ಎಂತದೂ ಕಾಣೂದಿಲ್ಲ," ಎಂದು ಅವರ ದನಿ ಗಾಳಿಯಲ್ಲಿ ಬಂತು. "ಟೇಪು ಎಲ್ಲಿ ಬಿದ್ದದೆ ನೋಡ್ತೆ. ಈಗ ಹಿಡಿತೆ."

ಅವಳ ಕೈಯಲ್ಲಿ ಟೇಪು ಸಡಿಲಾಗಲಿಲ್ಲ. ಆ ಕಡೆ ಹಿಡಿದವನು ಅವಳ ಮಾತಿಗೆ ಕಾಯುತ್ತಿದ್ದ. ಈ ಸಲ ಅವಳು ಅವಸರ ಮಾಡಲಿಲ್ಲ. ಹಲಗೆ ನೋಡಿದಳು, ಗುಳಿ ನೋಡಿದಳು, ಹಿಂದೆ ಉಳಿದ ಹಳೆಯ ಕಂಬವನ್ನು ನೋಡಿದಳು. "ಈಗ ಸಾಕು, ಅಜ್ಜ," ಎಂದಳು.

ಟೇಪು ಮೆಲ್ಲಗೆ ಇಳಿದು ಹೊಯ್ಗೆಯ ಮೇಲೆ ಮಲಗಿತು.